ಮೆಕ್ಕೆಜೋಳ ಮಾರಿದ ಲೆಕ್ಕ: ಸೆಸ್, ದಲಾಲಿ, ಹಮಾಲಿ ಸಾಫ್ಟ್‌ವೇರ್‌ನಲ್ಲಿ ಯಾರ ಖಾತೆಗೆ ಹಾಕಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ನೋಡುತ್ತೇನೆ. ಸದಸ್ಯರ ಮೆಕ್ಕೆಜೋಳವನ್ನು ಎಪಿಎಂಸಿ ಯಾರ್ಡಿನಲ್ಲಿ ಮಾರುತ್ತೇವೆ. ಈ ಸುಗ್ಗಿಯಿಂದ ಕೈಬರಹದ ಪುಸ್ತಕ ಬಿಟ್ಟು ಸಾಫ್ಟ್‌ವೇರ್‌ಗೆ ಬಂದಿದ್ದೇವೆ. ಅದರಲ್ಲಿ ಸೆಸ್, ದಲಾಲಿ, ಹಮಾಲಿ ಎಲ್ಲವೂ ‘ಕಡಿತ’ ಅನ್ನುವ ಒಂದೇ ಹೆಸರಿನಲ್ಲಿ ರೈತರ ಹಣದಿಂದ ಹೋಗುತ್ತಿದೆ. ದಲಾಲಿ ಅಂಗಡಿಯವರು ಕೊಡುವ ಪಟ್ಟಿಗೂ (ಮಾರಾಟದ ಲೆಕ್ಕದ ಚೀಟಿ) ನಮ್ಮ ಮೊತ್ತಕ್ಕೂ ತಾಳೆ ಆಗುತ್ತಿಲ್ಲ. ಸದಸ್ಯರು ಕೇಳಿದರೆ ಬಿಡಿಸಿ ಹೇಳಲು ಆಗುತ್ತಿಲ್ಲ. ನೀವೆಲ್ಲ ಹೇಗೆ ಮಾಡಿಕೊಂಡಿದ್ದೀರಿ, ದಯವಿಟ್ಟು ತಿಳಿಸಿ.

ರಾಣೆಬೆನ್ನೂರು ಕಡೆಯ ಸಂಘದಿಂದ:

ಶೇಕಡಾ ಎಷ್ಟು ಅನ್ನುವುದು ಆಮೇಲೆ. ಮೊದಲು ಯಾವ ಬಾಬತ್ತು ಯಾರದು ಅಂತ ಬಿಡಿಸಿಕೊಳ್ಳಿ. ನಮ್ಮ ರಾಜ್ಯದಲ್ಲಿ ಮಾರುಕಟ್ಟೆ ಶುಲ್ಕ, ಅಂದರೆ ನಾವು ಸೆಸ್ ಅನ್ನುವುದು, ಕೊಂಡವರು ಕೊಡಬೇಕಾದದ್ದು. 1966ರ ಎಪಿಎಂಸಿ ಕಾಯ್ದೆ ಅದನ್ನು ಖರೀದಿದಾರರ ಮೇಲೆ ಹಾಕಿದೆ. ದಲಾಲಿಯೂ ಹಾಗೆಯೇ, ಕೊಂಡವರಿಂದಲೇ ಪಡೆಯಬೇಕು. ರೈತನ ಪಟ್ಟಿಯಲ್ಲಿ ಇವೆರಡೂ ಕಾಣಿಸಲೇಬಾರದು. ಆದರೆ ಎಷ್ಟೋ ಸಾಫ್ಟ್‌ವೇರ್‌ಗಳ ಸಿದ್ಧ ನಮೂನೆಯಲ್ಲಿ ಮಾರಾಟದ ಎಲ್ಲ ಖರ್ಚೂ ಮಾರುವವನ ತಲೆಗೆ ಅಂತಲೇ ಇರುತ್ತದೆ. ಬೇರೆ ರಾಜ್ಯದ, ಬೇರೆ ದೇಶದ ಪದ್ಧತಿ ನೋಡಿ ಮಾಡಿದ ನಮೂನೆ ಇಲ್ಲಿಗೆ ಹೊಂದುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 40 ಕ್ವಿಂಟಾಲ್ ಮೆಕ್ಕೆಜೋಳ, ಟೆಂಡರ್ ದರ 2,100 ರೂಪಾಯಿ ಅಂತಿಟ್ಟುಕೊಳ್ಳಿ. ಮಾಲಿನ ಬೆಲೆ 84,000. ನೂರಕ್ಕೆ 60 ಪೈಸೆಯಂತೆ ಸೆಸ್ 504 ರೂಪಾಯಿ. ನೂರಕ್ಕೆ 2ರಂತೆ ದಲಾಲಿ 1,680. ಎರಡೂ ಸೇರಿ 2,184. ಇದು ಖರೀದಿದಾರರ ಬಿಲ್ಲಿನಲ್ಲಿ 84,000ದ ಮೇಲೆ ಕೂಡಬೇಕು. ನಿಮ್ಮ ಸಾಫ್ಟ್‌ವೇರ್ ಅದನ್ನೇ ರೈತನ ಮೊತ್ತದಲ್ಲಿ ಕಳೆಯುತ್ತಿದ್ದರೆ ಕ್ವಿಂಟಾಲಿಗೆ 54 ರೂಪಾಯಿ 60 ಪೈಸೆ ಸುಮ್ನೆ ಹೋಯಿತು. ಒಂದು ಕ್ವಿಂಟಾಲಿಗೆ ಇಷ್ಟು ಅಂದರೆ ಸಣ್ಣ ಹಿಡುವಳಿಯವರಿಗೆ ದೊಡ್ಡ ಪೆಟ್ಟು, ಅಲ್ವಾ?

ರೈತನ ಕಡೆಯ ಖರ್ಚು ಬೇರೆ. ನಮ್ಮ ಯಾರ್ಡಿನಲ್ಲಿ ಗಾಡಿಯಿಂದ ಇಳಿಸುವ, ಹಸನು ಮಾಡುವ ಕೂಲಿ ರೈತನದು. ತೂಕದಿಂದ ಮುಂದಿನದು ಕೊಂಡವರದು. ಮಾರುಕಟ್ಟೆ ಸಮಿತಿಯವರು ದರಪಟ್ಟಿ ಹಾಕಿರುತ್ತಾರೆ, ಅದರ ಒಂದು ಪ್ರತಿ ತಂದು ಇಟ್ಟುಕೊಳ್ಳಿ. ಲೆಕ್ಕಕ್ಕೆ ಅಂತ ಚೀಲಕ್ಕೆ 5 ರೂಪಾಯಿ ಹಿಡಿದರೆ, 50 ಕಿಲೋದ 80 ಚೀಲಕ್ಕೆ 400. ರೈತನ ಕೈಗೆ 83,600 ಬರಬೇಕು. ಸೆಸ್ಸು ದಲಾಲಿಯನ್ನೂ ಕಳೆದರೆ 81,416 ಬರುತ್ತದೆ. ನಿಮ್ಮ ಒಂದು ಹಳೆಯ ವೋಚರ್ ತೆಗೆದು ಹೀಗೆ ಎರಡೂ ರೀತಿಯಲ್ಲಿ ಕೂಡಿ ನೋಡಿ. ವ್ಯತ್ಯಾಸ ಎಲ್ಲಿಂದ ಬರುತ್ತಿದೆ ಅನ್ನುವುದು ಅಲ್ಲೇ ಸಿಗುತ್ತದೆ.

ಎರಡನೆಯ ವಿಷಯ, ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಅನ್ನುವುದು. ಸೆಸ್ ಮಾಲಿನ ಬೆಲೆಯ ಮೇಲೆ. ಹಮಾಲಿ ಚೀಲದ ಮೇಲೆ. ದಲಾಲಿ ಮತ್ತೆ ಮಾಲಿನ ಬೆಲೆಯ ಮೇಲೆ. ಇವು ಒಂದರ ಮೇಲೊಂದು ಏರಬಾರದು. ನಾವು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ವೋಚರ್ ಕ್ಲಾಸ್, ಅಂದರೆ ಬಾಬತ್ತುಗಳನ್ನು ತಾನಾಗಿಯೇ ಲೆಕ್ಕ ಹಾಕುವ ವೋಚರ್ ನಮೂನೆ, ಮಾಡಿಕೊಂಡಿದ್ದೇವೆ. ಅಲ್ಲಿ ಪ್ರತಿ ಬಾಬತ್ತಿಗೂ ಲೆಕ್ಕದ ವಿಧಾನ ಕೇಳುತ್ತದೆ. ‘ಆನ್ ಟೋಟಲ್ ಸೇಲ್ಸ್’ ಅಂತ ಕೊಟ್ಟರೆ ಮಾಲಿನ ಬೆಲೆಯ ಮೇಲೆ ಹಾಕುತ್ತದೆ. ‘ಆನ್ ಕರೆಂಟ್ ಸಬ್‌ಟೋಟಲ್’ ಕೊಟ್ಟರೆ ಅದಕ್ಕಿಂತ ಮೇಲಿನ ಸಾಲುಗಳನ್ನೂ ಸೇರಿಸಿಕೊಳ್ಳುತ್ತದೆ. ದಲಾಲಿ ಮೊದಲ ಸಾಲು, ಸೆಸ್ ಎರಡನೆಯ ಸಾಲು ಆಗಿದ್ದರೆ ಸೆಸ್ 504ರ ಬದಲು 514 ರೂಪಾಯಿ 8 ಪೈಸೆ ಆಗುತ್ತದೆ. ಹತ್ತೇ ರೂಪಾಯಿ ಅನ್ನಿಸಬಹುದು. ಪಟ್ಟಿಗೆ ತಾಳೆ ಆಗದಿರಲು ಅಷ್ಟೇ ಸಾಕು. ಚೀಲದ ಲೆಕ್ಕಕ್ಕೆ ‘ಬೇಸ್ಡ್ ಆನ್ ಕ್ವಾಂಟಿಟಿ’ ಇದೆ. ಆದರೆ ನೀವು ಮಾಲನ್ನು ಕ್ವಿಂಟಾಲಿನಲ್ಲಿ ನಮೂದಿಸಿದ್ದರೆ ಅದು ಕ್ವಿಂಟಾಲಿಗೇ ಗುಣಿಸುತ್ತದೆ. 50 ಕಿಲೋ ಚೀಲವಾದರೆ ದರವನ್ನು ಎರಡು ಪಟ್ಟು ಕೊಡಿ, ಇಲ್ಲವೇ ಚೀಲವನ್ನು ಎರಡನೆಯ ಅಳತೆಯಾಗಿ ಇಟ್ಟುಕೊಳ್ಳಿ.

ತೇವಾಂಶದ ಕಡಿತವನ್ನು ಮಾತ್ರ ಹಣದ ಸಾಲಿನಲ್ಲಿ ಹಾಕಬೇಡಿ. ಅದು ತೂಕದಲ್ಲಿ ಹೋಗಬೇಕಾದದ್ದು. ತೂಕ ಸರಿಯಾದ ಮೇಲೆ ಬೆಲೆ, ಬೆಲೆಯ ಮೇಲೆ ಸೆಸ್. ಮೆಕ್ಕೆಜೋಳಕ್ಕೆ ಶೇಕಡಾ 14 ತೇವ ಲೆಕ್ಕಕ್ಕೆ ಹಿಡಿಯುತ್ತಾರೆ. 18 ತೇವದ 40 ಕ್ವಿಂಟಾಲ್ ಬಂದರೆ, 40ನ್ನು 82ರಿಂದ (ನೂರರಲ್ಲಿ 18 ಕಳೆದದ್ದು) ಗುಣಿಸಿ 86ರಿಂದ (ನೂರರಲ್ಲಿ 14 ಕಳೆದದ್ದು) ಭಾಗಿಸಿ. 38 ಕ್ವಿಂಟಾಲ್ 14 ಕಿಲೋ ಆಗುತ್ತದೆ. ಒಂದು ಪಾಯಿಂಟಿಗೆ ಕ್ವಿಂಟಾಲಿಗೊಂದು ಕಿಲೋ ಅನ್ನುವ ಬಾಯಿಲೆಕ್ಕದಲ್ಲಿ 38 ಕ್ವಿಂಟಾಲ್ 40 ಕಿಲೋ. ಇದಕ್ಕಿಂತ ಜಾಸ್ತಿ ಯಾರಾದರೂ ಕಡಿದರೆ ಯಾವ ಸೂತ್ರ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ. ನಾವು ಕೇಳಲು ಶುರು ಮಾಡಿದ ಮೇಲೆ ಪಟ್ಟಿಯಲ್ಲಿ ತೇವದ ಅಂಕಿ ಬರೆದು ಕೊಡುತ್ತಿದ್ದಾರೆ.

ಕೊನೆಗೆ, ಕಂಪನಿ ಸದಸ್ಯರಿಂದ ತೆಗೆದುಕೊಳ್ಳುವ ಸೇವಾ ಶುಲ್ಕ. ಅದನ್ನು ದಲಾಲಿ ಸಾಲಿನಲ್ಲಿ ಅಡಗಿಸಬೇಡಿ. ಆಡಳಿತ ಮಂಡಳಿ ಠರಾವು ಮಾಡಿದ ದರವನ್ನು ಅದರದೇ ಹೆಸರಿನಲ್ಲಿ ತೋರಿಸಿ. ತಮ್ಮ ಕಂಪನಿ ಎಷ್ಟು ಇಟ್ಟುಕೊಂಡಿತು ಅನ್ನುವುದು ಸದಸ್ಯರಿಗೆ ಕಾಣಬೇಕು.

ದಾವಣಗೆರೆಯಿಂದ, ಅಂಗಡಿ ಗುಮಾಸ್ತರೊಬ್ಬರು:

ಮೇಲಿನವರು ಹೇಳಿದ್ದು ಸರಿ ಇದೆ. ನಾನು ದಲಾಲಿ ಅಂಗಡಿಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಸೆಸ್ ದರವನ್ನು ಸೂತ್ರದ ಒಳಗೆ ಅಂಕಿಯಾಗಿ ಬರೆಯಬೇಡಿ. ತಾರೀಖಿನ ಜೊತೆ ಬೇರೆ ಕೋಷ್ಟಕದಲ್ಲಿ ಇಡಿ. 2020ರಲ್ಲಿ ನಾವು ಪಟ್ಟ ಪಾಡು ಇನ್ನೂ ನೆನಪಿದೆ. ನೂರಕ್ಕೆ ಒಂದೂವರೆ ರೂಪಾಯಿ ಇದ್ದದ್ದು 35 ಪೈಸೆಗೆ ಇಳಿಯಿತು. ಸ್ವಲ್ಪ ತಿಂಗಳಲ್ಲೇ ಒಂದು ರೂಪಾಯಿ ಆಯಿತು. ವರ್ತಕರು ವಿರೋಧ ಮಾಡಿದ ಮೇಲೆ 60 ಪೈಸೆಗೆ ಬಂತು. ಒಂದೇ ಅಂಕಿ ಇಟ್ಟುಕೊಂಡಿದ್ದ ಅಂಗಡಿಗಳಲ್ಲಿ ದರ ತಿದ್ದಿದ ಕೂಡಲೇ ಹಳೆಯ ಬಿಲ್ಲುಗಳೂ ಬದಲಾಗಿ ಕೂತವು. ಮಾರಾಟದ ದಿನ ಯಾವ ದರ ಇತ್ತೋ ಅದೇ ಆ ಬಿಲ್ಲಿಗೆ ಉಳಿಯಬೇಕು.

ಇನ್ನೊಂದು, ತಾಳೆ ನೋಡುವಾಗ ದಿನದ ಒಟ್ಟು ಮೊತ್ತ ನೋಡಬೇಡಿ. ಲಾಟ್, ಅಂದರೆ ಒಟ್ಟಿಗೆ ಟೆಂಡರಿಗೆ ಇಟ್ಟ ಮಾಲು, ಅದರ ನಂಬರ್ ಹಿಡಿದು ನೋಡಿ. 2014ರಿಂದ ನಮ್ಮಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿದೆ. ಆನ್‌ಲೈನ್ ಟೆಂಡರ್ ಆದ ಪ್ರತಿ ಲಾಟಿಗೂ ನಂಬರ್ ಇರುತ್ತದೆ. ನಿಮ್ಮ ವೋಚರಿನಲ್ಲಿ ಅದಕ್ಕೊಂದು ಜಾಗ ಮಾಡಿ. ಪೈಸೆಯನ್ನು ಪ್ರತಿ ಸಾಲಿನಲ್ಲೂ ರೂಪಾಯಿಗೆ ಸರಿ ಮಾಡುತ್ತಾ ಹೋದರೆ ಲಾಟ್ ಜಾಸ್ತಿ ಆದಂತೆ ವ್ಯತ್ಯಾಸವೂ ಬೆಳೆಯುತ್ತದೆ. ಕೊನೆಯ ಸಾಲಿನಲ್ಲಿ ಒಮ್ಮೆ ಮಾತ್ರ ಸರಿ ಮಾಡಿ.

ಚೀಲದ ತೂಕದ ಬಗ್ಗೆಯೂ ಜಗಳ ಬರುತ್ತದೆ. ಹೊಸ 50 ಕಿಲೋ ಸೆಣಬಿನ ಚೀಲ ಸುಮಾರು 580 ಗ್ರಾಂ. ಪ್ಲಾಸ್ಟಿಕ್ ಚೀಲ ಅದಕ್ಕಿಂತ ಎಷ್ಟೋ ಹಗುರ. ಎರಡಕ್ಕೂ ಒಂದೇ ಕಡಿತ ಹಾಕುವುದು ನ್ಯಾಯವಲ್ಲ. ಚೀಲದ ಬಗೆಯನ್ನು ನಮೂದಿಸುವ ಹಾಗೆ ಮಾಡಿಕೊಳ್ಳಿ.

ಕಲಬುರಗಿಯಿಂದ, ತೊಗರಿ ಬೆಳೆಗಾರರ ಕಂಪನಿ:

ನಮ್ಮದು ತೊಗರಿ. ಪ್ರಶ್ನೆ ಕೇಳಿದವರು ಮುಂದೆ ಒಟ್ಟಾಗಿ ಮಿಲ್ಲಿಗೆ ಮಾರಿದರೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಎದುರಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಹಿಂದಿನ ವರ್ಷ 10 ಕೋಟಿಗಿಂತ ಹೆಚ್ಚು ವಹಿವಾಟು ಮಾಡಿದ ಖರೀದಿದಾರರು, ಒಬ್ಬರಿಂದಲೇ ವರ್ಷಕ್ಕೆ 50 ಲಕ್ಷ ದಾಟಿ ಕೊಂಡರೆ, ದಾಟಿದ ಭಾಗದ ಮೇಲೆ ಶೇಕಡಾ 0.1 ಹಿಡಿಯಬೇಕು. ಈ ನಿಯಮ 2021ರ ಜುಲೈಯಿಂದ ಇದೆ. ಕಂಪನಿ ಒಂದೇ ಮಿಲ್ಲಿಗೆ 65 ಲಕ್ಷದ ಮಾಲು ಕೊಟ್ಟರೆ 15 ಲಕ್ಷದ ಮೇಲೆ 1,500 ರೂಪಾಯಿ ಹಿಡಿಯುತ್ತಾರೆ. ಪ್ಯಾನ್ ಕೊಟ್ಟಿರದಿದ್ದರೆ ಶೇಕಡಾ 5. ಈ 1,500 ಖರ್ಚಲ್ಲ, ಕಂಪನಿ ಹೆಸರಿನಲ್ಲಿ ಆದಾಯ ತೆರಿಗೆಯಲ್ಲಿ ಜಮೆ ಇರುವ ಹಣ. ಇದನ್ನು ಸದಸ್ಯರಿಗೆ ಹಂಚಿ ಕಳೆಯುವುದನ್ನು ನಾನು ಕೆಲವು ಕಡೆ ನೋಡಿದ್ದೇನೆ. ಹಾಗೆ ಮಾಡಬೇಡಿ. ‘ಬರಬೇಕಾದ ಟಿಡಿಎಸ್’ ಅಂತ ಬೇರೆ ಖಾತೆ ತೆರೆಯಿರಿ.

ಜಿಎಸ್‌ಟಿ ಸಾಲನ್ನೂ ಒಮ್ಮೆ ನೋಡಿಕೊಳ್ಳಿ. ಸಿದ್ಧ ನಮೂನೆಯಲ್ಲಿ ಕಮಿಷನ್ ಅಂದ ಕೂಡಲೇ ಶೇಕಡಾ 18 ಕೂತಿರುತ್ತದೆ. ಕೃಷಿ ಉತ್ಪನ್ನದ ಮಾರಾಟಕ್ಕೆ ಎಪಿಎಂಸಿ ಮತ್ತು ಕಮಿಷನ್ ಏಜೆಂಟರು ಕೊಡುವ ಸೇವೆಗೆ ವಿನಾಯಿತಿ ಇದೆ. ಹತ್ತಿಸುವ ಇಳಿಸುವ ಕೂಲಿಗೂ ಇದೆ. ಇಡೀ ತೊಗರಿ ಕಾಳಿಗೆ ಇದು ಅನ್ವಯಿಸುತ್ತದೆ. ಸಿಪ್ಪೆ ತೆಗೆದು ಒಡೆದು ಬೇಳೆ ಮಾಡಿದ ಮೇಲೆ ಈ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ನಾವು ಕಾಳಿಗೊಂದು, ಬೇಳೆಗೊಂದು ಬೇರೆ ಬೇರೆ ವೋಚರ್ ಕ್ಲಾಸ್ ಇಟ್ಟಿದ್ದೇವೆ. ನಿಮ್ಮದು ಬರೀ ಮೆಕ್ಕೆಜೋಳ ಆದರೆ ಒಂದೇ ಸಾಕು, ಜಿಎಸ್‌ಟಿ ಸಾಲು ತೆಗೆದುಬಿಡಿ.