ರೋಮಕೂಪ, ಆಕರಕೋಶ, ‘ಸೊರಗು’: ಪದಗಳ ಬಗ್ಗೆ ಒಂದು ವಿಚಾರಣೆ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿರುವ ನಾನು, ಗಂಡಸರ ತಲೆ ಬೊಕ್ಕವಾಗುವ ಬಗೆಯನ್ನು ಕುರಿತು ಮಕ್ಕಳಿಗಾಗಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಕರಡಿನಲ್ಲಿ ‘ಕೂದಲ ಕೋಶದಲ್ಲಿರುವ ಆಕರಕೋಶ’ ಎಂದು ಬರೆದಿದ್ದೆ; ಆಕರಕೋಶವೆಂದರೆ ಬೇರೆ ಕೋಶಗಳನ್ನು ಹುಟ್ಟಿಸುವ ಮೂಲಕೋಶ (ಸ್ಟೆಮ್ ಸೆಲ್). ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಸಾಲಿನ ಮೇಲೆ ಬೆರಳಿಟ್ಟು, “ಟೀಚರ್, ಕೋಶದ ಒಳಗೆ ಇನ್ನೊಂದು ಕೋಶ ಉಂಟಾ?” ಎಂದು ಕೇಳಿದಳು. ಅವಳ ಸಂದೇಹ ಸರಿಯಾದದ್ದೇ. ಕೂದಲು ಹುಟ್ಟುವ ಚೀಲದಂಥ ಅಂಗಕ್ಕೂ ಜೀವಕೋಶಕ್ಕೂ ಒಂದೇ ಪದವನ್ನು ಬಳಸುವುದು ನಮ್ಮ ಬರವಣಿಗೆಯಲ್ಲಿ ರೂಢಿಯಾಗಿಬಿಟ್ಟಿದೆ.

ಮೊದಲನೆಯದನ್ನು ‘ರೋಮಕೂಪ’ ಎಂದು ತಿದ್ದಿದೆ. ಮೈ ಜುಮ್ಮೆಂದಾಗ ಕೂದಲನ್ನು ನಿಮಿರಿಸುವ ಸಣ್ಣ ಸ್ನಾಯು ಈ ಕೂಪದ ಗೋಡೆಗೆ ಅಂಟಿಕೊಂಡಿರುವಲ್ಲಿ ಒಂದು ಉಬ್ಬು ಇದೆ; ಆಕರಕೋಶಗಳ ನೆಲೆ ಅದೇ ಎಂಬುದನ್ನು 1990ರಲ್ಲಿ ಜಾರ್ಜ್ ಕಾಟ್ಸರೆಲಿಸ್ ಮತ್ತು ಸಂಗಡಿಗರು ಇಲಿಗಳ ಚರ್ಮದಲ್ಲಿ ತೋರಿಸಿಕೊಟ್ಟರು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ‘ಉದುರು’ ಎಂದರೆ ನಮ್ಮ ಕಡೆಯವರಿಗೆ ತೋಟದಲ್ಲಿ ನಳ್ಳಿ (ಎಳೆಯ ಅಡಿಕೆ) ಉದುರುವುದು ನೆನಪಾಗುತ್ತದೆ. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ; ಜೋರು ಜ್ವರವೋ ಹೆರಿಗೆಯೋ ಆಗಿ ಎರಡು ಮೂರು ತಿಂಗಳಿಗೆ ಹಿಡಿಗಟ್ಟಲೆ ಉದುರಿ ಮತ್ತೆ ಬರುವುದೂ ಉಂಟು. ಆದರೆ ವಂಶಾನುಗತ ಬೊಕ್ಕತನದಲ್ಲಿ ನಡೆಯುವುದೇ ಬೇರೆ. ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ, ಸಾಮಾನ್ಯವಾಗಿ ಎರಡರಿಂದ ಆರು ವರ್ಷ ನಡೆಯುವ ಬೆಳವಣಿಗೆಯ ಹಂತವು ಸುತ್ತಿನಿಂದ ಸುತ್ತಿಗೆ ಮೊಟಕಾಗುತ್ತ, ರೋಮಕೂಪವೇ ಕುಗ್ಗಿ, ದಪ್ಪ ಕೂದಲಿದ್ದ ಜಾಗದಲ್ಲಿ ಕಣ್ಣಿಗೆ ಕಾಣಿಸದಷ್ಟು ನವುರಾದ ಎಳೆ ಉಳಿಯುತ್ತದೆ. ‘ಬೋಳು’ ಎಂಬುದೂ ಇದಕ್ಕೆ ಹೊಂದುವುದಿಲ್ಲ. ಬೋಳುಗುಡ್ಡ, ಬೋಳಿಸು ಎಂಬಲ್ಲೆಲ್ಲ ಇರುವ ಅರ್ಥ ಏನೂ ಉಳಿಯದ್ದು ಎಂದೇ ಅಲ್ಲವೇ? ‘ಕೂದಲಿನ ಬೇರೇ ಸತ್ತಿದೆ’ ಎಂಬ ಮಾತಂತೂ ತಪ್ಪು. ಬೊಕ್ಕತಲೆಯ ಚರ್ಮದಲ್ಲಿಯೂ ಆಕರಕೋಶಗಳು ಉಳಿದೇ ಇರುತ್ತವೆ, ಅವುಗಳಿಂದ ಹುಟ್ಟಿ ಕೂದಲು ಕಟ್ಟಬೇಕಾದ ಮುಂದಿನ ಹಂತದ ಕೋಶಗಳು ಮಾತ್ರ ಬಹಳ ಕಡಿಮೆಯಾಗಿರುತ್ತವೆ ಎಂದು 2011ರ ಅಧ್ಯಯನವೊಂದು ಕಂಡುಕೊಂಡಿತು.

ಆದ್ದರಿಂದ ‘ಕೂದಲು ಸೊರಗುವುದು’ ಎಂದು ಬರೆಯುವುದು ಉಚಿತವೆಂದು ನನಗೆ ತೋರುತ್ತದೆ. ಗೊಬ್ಬರ ಕಾಣದ ಅಡಿಕೆ ಮರ ಸೊರಗಿದೆ ಎನ್ನುವಾಗ ಅದರ ಸುಳಿ ಇನ್ನೂ ಜೀವಂತವಾಗಿದೆ ಎಂಬುದು ಮಾತಿನೊಳಗೇ ಇರುತ್ತದೆ. ತಲೆಯ ಮೇಲೂ ಒಂದು ಸುಳಿಯಿದೆ, ಬೊಕ್ಕತನ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. (‘ಬೊಕ್ಕ’ ಎಂದರೆ ಮನೆಮಾತು ತುಳುವಾಗಿರುವ ಮಕ್ಕಳಿಗೆ ‘ಆಮೇಲೆ’ ಎಂದಾಗುತ್ತದೆ, ಪೇಟೆಯಲ್ಲಿ ಕೇಳಿಬರುವುದು ಮಲಯಾಳದ ‘ಕಷಂಡಿ’. ಹಾಗಾಗಿ ಆ ಪದಕ್ಕೂ ವಿವರಣೆ ಕೊಡಬೇಕಾಗಿದೆ.)

ಆಕರಕೋಶದಿಂದ ಹುಟ್ಟುವ ಆ ಮುಂದಿನ ಹಂತದ ಕೋಶಕ್ಕೆ ಏನೆನ್ನೋಣ? ‘ಪೂರ್ವಜ ಕೋಶ’ ಎಂದರೆ ಹಿರಿಯರ ನೆನಪಾಗುತ್ತದೆ, ‘ಮರಿಕೋಶ’ಕ್ಕೆ ಈಗಾಗಲೇ ಬೇರೆ ಅರ್ಥವಿದೆ (ಯಾವುದೇ ಕೋಶ ಒಡೆದಾಗ ಹುಟ್ಟುವ ಕೋಶ). ತಮಿಳುನಾಡಿನ ಹೊಸೂರು, ತಾಳವಾಡಿ ಕಡೆಯ ಕನ್ನಡಿಗರು ಕೂದಲು ನವುರಾಗುತ್ತ ಹೋಗುವುದಕ್ಕೆ ಯಾವ ಮಾತು ಬಳಸುತ್ತಾರೆ ಎಂಬುದನ್ನೂ ದಯವಿಟ್ಟು ತಿಳಿಸಬೇಕು.