ಹುತ್ತರಿ ತಂಬಿಟ್ಟು ತಿಂದ ಮಗುವಿಗೆ ಮುಖವೆಲ್ಲ ಊತ: ಅಲರ್ಜಿ ಅನುಭವ ಇದ್ದವರು ದಯವಿಟ್ಟು ಹೇಳಿ

ನಾಪೋಕ್ಲು, 14 ತಿಂಗಳ ಮಗನ ತಾಯಿ:
ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೊಸ ಭತ್ತದ ಕದಿರು ತಂದ ಮೇಲೆ ನಮ್ಮತ್ತೆ ಮಗನ ಬಾಯಿಗೆ ಬೆರಳ ತುದಿಯಷ್ಟು ತಂಬಿಟ್ಟು ಇಟ್ಟರು. ಅಕ್ಕಿ, ಬಾಳೆಹಣ್ಣು, ತುಪ್ಪ, ತೆಂಗಿನಕಾಯಿ ಯಾವುದೂ ಅವನಿಗೆ ಹೊಸದಲ್ಲ. ಮೇಲೆ ಉದುರಿಸಿದ್ದ ಹುರಿದ ಎಳ್ಳು ಮಾತ್ರ ಹೊಸದು. ಹತ್ತು ನಿಮಿಷದಲ್ಲಿ ತುಟಿಯ ಸುತ್ತ ದದ್ದು ಎದ್ದಿತು, ಬಲಗಣ್ಣು ಮುಚ್ಚುವಷ್ಟು ಊದಿತು, ಎರಡು ಬಾರಿ ವಾಂತಿಯಾಯಿತು. ಇಲ್ಲಿನ ವೈದ್ಯರು ಅಲರ್ಜಿಯ ಸಿರಪ್ ಕೊಟ್ಟು, ಎಳ್ಳು ಬಿಡಿ, ತಜ್ಞರಿಗೆ ತೋರಿಸಿ ಎಂದರು. ಮೈಸೂರಿಗೆ ಹೋಗುವುದೋ, ಮಂಗಳೂರಿಗೋ? ಮನೆಯಲ್ಲಿ ಗಾಣದ ಎಳ್ಳೆಣ್ಣೆ ಇದೆ, ಅದನ್ನೂ ಬಿಡಬೇಕೇ? ಸಂಕ್ರಾಂತಿಗೆ ಮನೆಮನೆಯಿಂದ ಎಳ್ಳುಬೆಲ್ಲ ಬರುತ್ತದೆ. ಅತ್ತೆ ಇದನ್ನು ದೃಷ್ಟಿ ಎನ್ನುತ್ತಿದ್ದಾರೆ.

ಸೋಮವಾರಪೇಟೆ, ಹೆಣ್ಣುಮಗುವಿನ ತಂದೆ:
ನಮ್ಮದು ಹಾಲಿನದು. ತಾಯಿಯ ಹಾಲು ಸಾಲದೆ ಮೂರನೇ ತಿಂಗಳಿಗೆ ಡಬ್ಬಿ ಹಾಲು ಶುರು ಮಾಡಿದೆವು. ಎರಡು ವಾರಕ್ಕೆ ಮಲದಲ್ಲಿ ರಕ್ತದ ಎಳೆಗಳು. ಮೊದಲು ನೋಡಿದವರು ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಎಂದು ಲ್ಯಾಕ್ಟೋಸ್ ಇಲ್ಲದ ಪುಡಿ ಬರೆದುಕೊಟ್ಟರು. ಆರು ವಾರ ಅದನ್ನೇ ಕುಡಿಸಿದೆವು. ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ, ನಮ್ಮ ಮಗಳಿಗೆ ಆಗದಿದ್ದುದು ಹಾಲಿನ ಪ್ರೋಟೀನು. ಆ ಪುಡಿಯಲ್ಲಿ ಪ್ರೋಟೀನು ಹಾಗೆಯೇ ಇತ್ತು! ಈ ಒಂದು ಮಾತನ್ನು ಆಗಲೇ ಯಾರಾದರೂ ಹೇಳಿದ್ದರೆ ಆರು ವಾರದ ಅಳು ತಪ್ಪುತ್ತಿತ್ತು. ಪಕ್ಕದ ಮನೆಯವರ ಮಾತು ಕೇಳಿ ಆಡಿನ ಹಾಲು ಕೊಟ್ಟೆವು, ಮತ್ತೆ ರಕ್ತ. ಹಸುವಿನ ಹಾಲು ಆಗದ ಹೆಚ್ಚಿನ ಮಕ್ಕಳಿಗೆ ಆಡಿನದೂ ಎಮ್ಮೆಯದೂ ಆಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಕೊನೆಗೆ ಪ್ರೋಟೀನನ್ನು ಒಡೆದು ಮಾಡಿದ ಪುಡಿಗೆ ಬಂದೆವು. 400 ಗ್ರಾಂ ಡಬ್ಬಿಗೆ 1,850 ರೂಪಾಯಿ, ಮೂರೂವರೆ ದಿನಕ್ಕೆ ಖಾಲಿ. ತಿಂಗಳಿಗೆ ಒಂಬತ್ತು ಡಬ್ಬಿ, 16,650. ಇಲ್ಲಿ ಸಿಗುತ್ತಿರಲಿಲ್ಲ. ಹಾಸನದಿಂದ ಬಸ್ಸಿನಲ್ಲಿ ಹಾಕಿಸುತ್ತಿದ್ದೆ, ಪಾರ್ಸಲಿಗೆ 60 ರೂಪಾಯಿ ಬೇರೆ. ಜುಲೈನಲ್ಲೊಮ್ಮೆ ಮರ ಬಿದ್ದು ಬಸ್ಸು ಬರಲಿಲ್ಲ. ಉಳಿದಿದ್ದುದು ನಾಲ್ಕು ಚಮಚ ಪುಡಿ. ಹತ್ತು ತಿಂಗಳಲ್ಲಿ ಆ ವರ್ಷದ ಕಾಳುಮೆಣಸಿನ ಹಣವೆಲ್ಲ ಹೋಯಿತು. ಈಗ ಅವಳಿಗೆ ಮೂರು ವರ್ಷ, ಮೊಸರನ್ನ ತಿನ್ನುತ್ತಾಳೆ. ಖರ್ಚು ಮಾಡಿದ್ದಕ್ಕೆ ನನಗೆ ಬೇಸರವಿಲ್ಲ.

ವಿರಾಜಪೇಟೆ, ಇಬ್ಬರು ಮಕ್ಕಳ ತಾಯಿ:
ತಂಗಿ, ಒಮ್ಮೆ ರಕ್ತ ತೆಗೆದು ಹತ್ತಾರು ಆಹಾರಗಳ ಅಲರ್ಜಿ ನೋಡುವ ಪಟ್ಟಿ ಪರೀಕ್ಷೆಗೆ ಮಾತ್ರ ಕೈಹಾಕಬೇಡ. ನನ್ನ ಚಿಕ್ಕವನಿಗೆ ಮೊಟ್ಟೆ ತಿಂದಾಗ ದದ್ದು ಬಂತು. ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದು 6,400 ರೂಪಾಯಿ ಪಡೆದರು. ವರದಿಯಲ್ಲಿ 19 ಪದಾರ್ಥಗಳ ಮುಂದೆ ಕೆಂಪು ಗುರುತು: ಗೋಧಿ, ಹೆಸರುಬೇಳೆ, ಬಾಳೆಹಣ್ಣು, ಕೋಳಿ, ಬದನೆ. ಹೆದರಿ ಎಲ್ಲವನ್ನೂ ನಿಲ್ಲಿಸಿದೆ. ಮೂರು ತಿಂಗಳು ಗಂಜಿ, ಕ್ಯಾರೆಟ್, ಗಂಜಿ. 10.2 ಕಿಲೋ ಇದ್ದ ಮಗು 9.1ಕ್ಕೆ ಇಳಿಯಿತು. ಸ್ನಾನ ಮಾಡಿಸುವಾಗ ಬೆನ್ನಿನ ಮೂಳೆಗಳನ್ನು ಕೈಯಲ್ಲೇ ಎಣಿಸಬಹುದಿತ್ತು. ಅದನ್ನು ನಾನು ಮರೆಯಲಾರೆ.

ಆಮೇಲೆ ಮೈಸೂರಿನ ತಜ್ಞರೊಬ್ಬರು ಆ ಕಾಗದವನ್ನು ನೋಡಿ, ರಕ್ತದಲ್ಲಿ ಗುರುತು ಕಂಡ ಮಾತ್ರಕ್ಕೆ ಅಲರ್ಜಿ ಎಂದು ಅರ್ಥವಲ್ಲ, ಅವನು ಇವನ್ನೆಲ್ಲ ತಿಂದು ಚೆನ್ನಾಗಿಯೇ ಇದ್ದನಲ್ಲವೇ ಎಂದು ಕೇಳಿದರು. ಇದ್ದ! ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡಬೇಕಿತ್ತು, ಆದರೆ ಎರಡು ದಿನದ ಹಿಂದೆ ನೆಗಡಿಗೆಂದು ಸಿಟ್ರಿಜಿನ್ ಕೊಟ್ಟಿದ್ದೆ. ಅದು ಅಲರ್ಜಿ ತಡೆಯುವ ಮದ್ದು, ಮೈಯಲ್ಲಿದ್ದರೆ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲವಂತೆ. ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದರು. ಕಾರಿಗೆ 4,500 ರೂಪಾಯಿ ದಂಡ. ಎರಡನೇ ಸಲ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಒಂದೊಂದು ಆಹಾರವನ್ನೂ ತಿನ್ನಿಸಿ ನೋಡಿದರು. ಆಗದಿದ್ದುದು ಮೊಟ್ಟೆಯೊಂದೇ. ಇನ್ನೂ ಒಂದು ತಪ್ಪು ಮಾಡಿದೆ: ಮೊಟ್ಟೆ ಆಗದವರಿಗೆ ದಡಾರದ ಲಸಿಕೆ ಹಾಕಿಸಬಾರದೆಂದು ಯಾರೋ ಹೇಳಿದ್ದಕ್ಕೆ ನಾಲ್ಕು ತಿಂಗಳು ತಡಮಾಡಿದೆ. ಹಾಕಿಸಬಹುದಂತೆ, ಹಾಕಿಸಲೇಬೇಕಂತೆ.

ಪೊನ್ನಂಪೇಟೆ, ಅಜ್ಜಿ:
ಎಲ್ಲರೂ ಸೇರಿ ಆ ಹುಡುಗಿಯನ್ನು ಹೆದರಿಸುತ್ತಿದ್ದೀರಿ. ನಾನು ನಾಲ್ಕು ಮಕ್ಕಳನ್ನು ಸಾಕಿದವಳು. ನನ್ನ ಮೊಮ್ಮಗನಿಗೂ ಮೊಟ್ಟೆ ಆಗುತ್ತಿರಲಿಲ್ಲ. ಸೊಸೆ ಮನೆಗೆ ಮೊಟ್ಟೆಯನ್ನೇ ತರಬಾರದೆಂದಳು. ನಾನು ಕೇಕಿನಲ್ಲಿ ಒಂದು ಚೂರು, ಮರುವಾರ ಎರಡು ಚೂರು, ಹೀಗೆ ಕೊಟ್ಟೆ. ಐದನೇ ವರ್ಷಕ್ಕೆ ಆಮ್ಲೆಟ್ ತಿಂದ. ದೇಹಕ್ಕೆ ಅಭ್ಯಾಸ ಮಾಡಿಸಬೇಕು, ಓಡಿಹೋಗಬಾರದು. ಎಳ್ಳನ್ನೂ ಹಾಗೆಯೇ ಚಿಟಿಕೆ ಚಿಟಿಕೆ ಕೊಡಿ.

ಕುಶಾಲನಗರ, ಆರು ವರ್ಷದವನ ತಾಯಿ:
ಅಮ್ಮ, ದಯವಿಟ್ಟು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮುಖ ಊದಿ ವಾಂತಿ ಮಾಡಿದ ಮಗುವಿಗೆ ಮನೆಯಲ್ಲಿ ಎಳ್ಳು ಕೊಡಿ ಎನ್ನುತ್ತಿದ್ದೀರಲ್ಲ, ಉಸಿರು ಕಟ್ಟಿದರೆ ನೀವು ಬರುತ್ತೀರಾ?

ನನ್ನ ಮಗ ಶಾಲೆಯಲ್ಲಿ ಗೆಳೆಯ ಕೊಟ್ಟ ಶೇಂಗಾ ಚಿಕ್ಕಿ ತಿಂದ. ಮಧ್ಯಾಹ್ನ 1:20ಕ್ಕೆ ಫೋನು ಬಂತು. ನಾನು ಹೋಗುವಷ್ಟರಲ್ಲಿ ಮೈಯೆಲ್ಲ ದದ್ದು, ಕೆಮ್ಮು, ದನಿ ಬದಲಾಗಿತ್ತು, ಬಾವಿಯೊಳಗಿಂದ ಮಾತನಾಡಿದ ಹಾಗೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಅಲರ್ಜಿಯ ಇಂಜೆಕ್ಷನ್ ಹಾಕಿ, ಮಲಗಿಸಿ, ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. 108 ಬಂದು ದೊಡ್ಡ ಆಸ್ಪತ್ರೆಗೆ ಒಯ್ದಾಗ 2:35. ಅಲ್ಲಿ ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚಿದರು, ತೀವ್ರ ಅಲರ್ಜಿಗೆ ಕೊಡುವ ತುರ್ತು ಮದ್ದು ಅದು. ಐದು ನಿಮಿಷದಲ್ಲಿ ಅವನು ಅಮ್ಮಾ ಎಂದ, ಅವನದೇ ದನಿಯಲ್ಲಿ. ಮನೆಗೆ ಕಳಿಸಿ ಎಂದು ನಾವು ಹಟ ಹಿಡಿದೆವು, ವೈದ್ಯರು ಬಿಡಲಿಲ್ಲ. ಅವರ ಪುಣ್ಯ, ಮೂರು ಗಂಟೆ ಕಳೆದ ಮೇಲೆ ಏನೂ ತಿನ್ನದೆಯೇ ಮತ್ತೆ ಊತ ಬಂತು. ಎರಡನೇ ಬಾರಿ ಚುಚ್ಚಿದರು.

ಮನೆಯಲ್ಲೇ ಚುಚ್ಚಲು ಮದ್ದು ತುಂಬಿಟ್ಟ ಅಡ್ರಿನಲಿನ್ ಪೆನ್ ಇಲ್ಲಿನ ಔಷಧಿ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಹೊರದೇಶದಿಂದ ತರಿಸಿದರೆ ಸಾವಿರಾರು ರೂಪಾಯಿ. ನಮ್ಮ ವೈದ್ಯರು ಮಗನ 18 ಕಿಲೋ ತೂಕಕ್ಕೆ 0.18 ಮಿ.ಲೀ. ಸಿರಿಂಜಿನಲ್ಲಿ ತುಂಬಿಸಿ, ಹೇಗೆ ಚುಚ್ಚಬೇಕೆಂದು ಕಿತ್ತಳೆಹಣ್ಣಿನ ಮೇಲೆ ನನಗೆ ಕಲಿಸಿದರು. ಮೂರು ತಿಂಗಳಿಗೊಮ್ಮೆ ಹೋಗಿ ಬದಲಿಸುತ್ತೇನೆ. ಮದ್ದಿಗೆ ಖರ್ಚಾಗುವುದು ನೂರು ರೂಪಾಯಿಯೂ ಅಲ್ಲ.

ಪೊನ್ನಂಪೇಟೆ, ಅಜ್ಜಿ:
ನಿನ್ನ ಮಗ ಬದುಕಿದ್ದು ದೇವರ ದಯೆ. ಆದರೆ ನನ್ನನ್ನು ಕೊಲೆಗಾರ್ತಿಯ ಹಾಗೆ ನೋಡಬೇಡ. ಕೇಕಿನ ವಿಷಯ ತಿಳಿದ ದಿನ ಸೊಸೆ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೋದಳು. ಒಂದು ವರ್ಷ ಅವನು ನನ್ನ ಕೈತುತ್ತು ತಿನ್ನಲಿಲ್ಲ. ಕೈಲ್‌ಪೊಳ್ದು ಹಬ್ಬಕ್ಕೆ ಬಂದಾಗಲೂ ಅವನ ಊಟ ಡಬ್ಬಿಯಲ್ಲೇ ಬಂತು. ನನಗೂ ನೋವಾಗಿದೆ.

ವಿರಾಜಪೇಟೆ, ಇಬ್ಬರು ಮಕ್ಕಳ ತಾಯಿ:
ಅಮ್ಮ, ಬೇಯಿಸಿದ ಕೇಕಿನ ಮೊಟ್ಟೆಯನ್ನು ಮೊದಲು ಕೊಟ್ಟು ನೋಡುವ ಕ್ರಮ ಇದೆ. ನನ್ನ ಮಗನಿಗೂ ಹಾಗೆಯೇ ಮಾಡಿದರು, ಆಸ್ಪತ್ರೆಯ ಮಂಚದ ಮೇಲೆ, ಮದ್ದು ಪಕ್ಕದಲ್ಲಿಟ್ಟುಕೊಂಡು. ಸೊಸೆಗೆ ಹೇಳದೆ ಕೊಟ್ಟಿದ್ದೇ ತಪ್ಪು.

ಮಡಿಕೇರಿ, ತಂದೆ:
ಎಲ್ಲರೂ ಮೈಸೂರು ಮೈಸೂರು ಎನ್ನುತ್ತೀರಿ. ನಾವು ಮಂಗಳೂರಿಗೆ ಹೋದೆವು. ಬೆಳಿಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಸಾಲಿನಲ್ಲಿದ್ದೆವು.

ಸೋಮವಾರಪೇಟೆ, ಹೆಣ್ಣುಮಗುವಿನ ತಂದೆ:
ಸಂಪಾಜೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ಕೆಟ್ಟ ಮಗುವನ್ನು ಕರೆದೊಯ್ಯಿರಿ ಎನ್ನುತ್ತೀರಾ? 2018ರ ಆಗಸ್ಟ್‌ನಲ್ಲಿ ಆ ರಸ್ತೆಯೇ ಕುಸಿದು ಹೋಗಿತ್ತಲ್ಲ.

ಮಡಿಕೇರಿ, ತಂದೆ:
ಈಗ ಡಿಸೆಂಬರ್. ಮಳೆಗಾಲದ ಮಾತು ಏಕೆ? ನನ್ನ ಮಗಳಿಗೆ ಸೀಗಡಿ ಆಗುವುದಿಲ್ಲ ಎಂದು ಕಂಡುಹಿಡಿದುಕೊಟ್ಟವರು ಮಂಗಳೂರಿನವರೇ. ನಾನು ಅಲ್ಲಿಗೇ ಹೋಗಿ ಎನ್ನುತ್ತೇನೆ.

ಕುಶಾಲನಗರ, ಆರು ವರ್ಷದವನ ತಾಯಿ:
ರಸ್ತೆಯ ಜಗಳ ಬಿಡಿ. ಶಾಲೆಯೊಳಗೆ ಚಿಕ್ಕಿ, ಮೊಟ್ಟೆ ಎರಡನ್ನೂ ನಿಲ್ಲಿಸಬೇಕು. ಮಕ್ಕಳು ಕೈಯಿಂದ ಕೈಗೆ ಕೊಟ್ಟುಬಿಡುತ್ತಾರೆ.

ಸಿದ್ದಾಪುರ, ಶಾಲಾ ಶಿಕ್ಷಕಿ:
ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಮೊಟ್ಟೆ ನಿಲ್ಲಿಸಿ ಎನ್ನಬೇಡಿ. ನನ್ನ ತರಗತಿಯಲ್ಲಿ ಹೆಚ್ಚಿನವರು ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳ ಮಕ್ಕಳು. ಬೆಳಿಗ್ಗೆ ಕಪ್ಪು ಚಹಾ ಕುಡಿದು ಬರುತ್ತಾರೆ. ಮೊಟ್ಟೆ ಕೊಡುವ ದಿನ ಹಾಜರಿ ತುಂಬಿರುತ್ತದೆ. ಯಾವ ಮಗುವಿಗೆ ಏನು ಆಗುವುದಿಲ್ಲ ಎಂದು ತಾಯಂದಿರು ಬರೆದುಕೊಟ್ಟರೆ ನಾನು ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ಈ ವರ್ಷ ಬರೆದುಕೊಟ್ಟವರು ಒಬ್ಬರೇ.

ಕುಶಾಲನಗರ, ಆರು ವರ್ಷದವನ ತಾಯಿ:
ಮಗನ ಶಾಲೆಗೆ ನಾನೂ ಬರೆದುಕೊಟ್ಟಿದ್ದೆ. ಆ ಕಾಗದ ಬೀರುವಿನಲ್ಲಿತ್ತು.

ನಾಪೋಕ್ಲು, 14 ತಿಂಗಳ ಮಗನ ತಾಯಿ:
ಎಲ್ಲರಿಗೂ ವಂದನೆ. ಎಣ್ಣೆಯ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಗೋಣಿಕೊಪ್ಪ, ನರ್ಸ್:
ಈಗಲೇ ನಿಲ್ಲಿಸಿ. ಗಾಣದ ಎಣ್ಣೆಯಲ್ಲಿ ಎಳ್ಳಿನ ಪ್ರೋಟೀನು ಉಳಿದಿರುತ್ತದೆ. ಮೈಗೆ ಹಚ್ಚುವುದೂ ಬೇಡ. ಪೊಟ್ಟಣದ ತಿಂಡಿಯ ಮೇಲಿನ ಅಲರ್ಜಿ ಎಚ್ಚರಿಕೆಯನ್ನೇ ನಂಬಬೇಡಿ. ನಮ್ಮ ದೇಶದ 2020ರ ನಿಯಮದ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಇವೆ, ಎಳ್ಳು ಇಲ್ಲ. ಪದಾರ್ಥಗಳ ಸಾಲನ್ನು ಪೂರ್ತಿ ಓದಿ. ಹಾಲು, ಮೊಟ್ಟೆಯ ಅಲರ್ಜಿ ಮಗು ಬೆಳೆದಂತೆ ಹೊರಟುಹೋಗುವುದೇ ಹೆಚ್ಚು, ಎಳ್ಳಿನದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮತ್ತೆ ಊತದ ಜೊತೆಗೆ ವಾಂತಿಯೋ ಕೆಮ್ಮೋ ಬಂದರೆ ಸಿರಪ್ ಕೊಟ್ಟು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅಡ್ರಿನಲಿನ್ ಬಗ್ಗೆ ತಜ್ಞರನ್ನು ಬಾಯಿಬಿಟ್ಟು ಕೇಳಿ.

ನಾಪೋಕ್ಲು, 14 ತಿಂಗಳ ಮಗನ ತಾಯಿ:
ದಿನಾ ಸ್ನಾನಕ್ಕೆ ಮುಂಚೆ ಅತ್ತೆ ಅವನಿಗೆ ಆ ಎಣ್ಣೆಯನ್ನೇ ತಿಕ್ಕುತ್ತಿದ್ದರು. ಮೊಣಕೈ ಮಡಿಕೆಯಲ್ಲಿ ಎರಡು ತಿಂಗಳಿನಿಂದ ಕೆಂಪಗೆ ಒರಟಾಗಿದೆ, ಚಳಿಯಿಂದ ಎಂದುಕೊಂಡಿದ್ದೆ. ನಿಮ್ಮ ಉತ್ತರವನ್ನು ಅವರಿಗೆ ಓದಿ ಹೇಳಿದೆ. ಏನೂ ಮಾತನಾಡಲಿಲ್ಲ. ಸಂಜೆ ಸ್ನಾನದ ಮನೆಯಲ್ಲಿ ತೆಂಗಿನೆಣ್ಣೆಯ ಬಟ್ಟಲು ಇತ್ತು.

ಮೈಸೂರಿಗೆ ಮುಂದಿನ ಮಂಗಳವಾರ ಸಮಯ ಸಿಕ್ಕಿದೆ. ಇಂದಿನಿಂದ ಸಿರಪ್ ನಿಲ್ಲಿಸಬಹುದೇ ಎಂದು ಫೋನಿನಲ್ಲಿ ಕೇಳಿಕೊಂಡೆ, ನಿಲ್ಲಿಸಿ ಎಂದರು. ವಿರಾಜಪೇಟೆ ಅಕ್ಕ, ಆ 4,500 ರೂಪಾಯಿಯ ಕಾರಿನವರು ಸಂಜೆಯವರೆಗೆ ಕಾಯುತ್ತಾರೆಯೇ, ಕಾದರೆ ಬೇರೆ ಹಣ ಕೇಳುತ್ತಾರೆಯೇ?