ಓದುಗರ ಸ್ಪಂದನ: ‘ಐದು ತಿಂಗಳಾಯಿತು, ಕಲಬುರಗಿ ಇನ್ನೂ ನನ್ನ ಊರಾಗಿಲ್ಲ’

ಕಳೆದ ಬಾರಿಯ ಪತ್ರ: ನಾನು ಹಾಸನದ ಕಡೆಯವಳು. ವಯಸ್ಸು 29. ಬ್ಯಾಂಕ್ ಉದ್ಯೋಗಿ. ಮೇ ತಿಂಗಳಲ್ಲಿ ಕಲಬುರಗಿಗೆ ವರ್ಗವಾಯಿತು. ಗಂಡ ಬೆಂಗಳೂರಿನಲ್ಲಿದ್ದಾರೆ. ಇದೂ ಕನ್ನಡದ ಊರೇ ಅಲ್ವಾ ಎಂದು ಧೈರ್ಯದಿಂದ ಬಂದೆ. ಆದರೆ ಕೌಂಟರಿಗೆ ಬರುವವರು ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಾರೆ. ದನಿ ಜೋರು. ಬೈಯುತ್ತಿದ್ದಾರೋ ಕೇಳುತ್ತಿದ್ದಾರೋ ತಿಳಿಯುವುದಿಲ್ಲ. ನಾನು ಬಾಯಿ ತೆರೆದರೆ ಜೊತೆಯವರು ನಗುತ್ತಾರೆ. ಆಟೊದವರು ಹಿಂದಿಯಲ್ಲೇ ಶುರು ಮಾಡುತ್ತಾರೆ. ಪಕ್ಕದ ಮನೆಯವರು ಕೂಗದೆ ಕರೆಯದೆ ಒಳಗೆ ಬರುತ್ತಾರೆ. ಸಂಬಳ ಎಷ್ಟು, ಮಕ್ಕಳು ಯಾಕಿಲ್ಲ ಎಂದು ಕೇಳುತ್ತಾರೆ. ವಿಜಯದಶಮಿಯ ದಿನ ಪರಿಚಯವೇ ಇಲ್ಲದ ಹತ್ತಾರು ಜನ ಬಂದು ಕೈಯಲ್ಲಿ ಎಲೆ ಇಟ್ಟು ಹೋದರು. ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ವರ್ಗಾವಣೆ ಕೇಳಲಾ? ಇಲ್ಲೇ ಹೊಂದಿಕೊಳ್ಳಲಾ?

ಬಂದ ಪತ್ರಗಳಲ್ಲಿ ಐದು ಇಲ್ಲಿವೆ.

ಮಂಡ್ಯದಿಂದ ಬಂದ ಶಿಕ್ಷಕಿ, ಚಿತ್ತಾಪುರ

ತಂಗೀ, ನಿಮ್ಮ ಪತ್ರ ಓದಿ ಹನ್ನೊಂದು ವರ್ಷದ ಹಿಂದಿನ ದಿನಗಳು ನೆನಪಾದವು. ನಾನು ಹಳ್ಳಿ ಶಾಲೆಗೆ ಟೀಚರಾಗಿ ಬಂದವಳು. ಮೊದಲ ವಾರವೇ ಒಬ್ಬ ಅಜ್ಜ ಬಂದು, ‘ಏ ಅಕ್ಕೋರೆ, ನನ್ನ ಮೊಮ್ಮಗನ ಹೆಸರ ಹಚ್ಚಕೋ’ ಅಂದರು. ಹೆಸರನ್ನು ಎಲ್ಲಿ ಹಚ್ಚಬೇಕೋ ನನಗೆ ತಿಳಿಯಲಿಲ್ಲ. ಶಾಲೆಗೆ ಸೇರಿಸಿಕೋ ಎಂದು ಅದರ ಅರ್ಥ. ಅರ್ಥವಾದ ಮೇಲೆ ಇನ್ನೂ ಬೇಜಾರಾಯಿತು. ‘ಸೇರಿಸಿಕೊಳ್ಳಿ’ ಅನ್ನಬಾರದಾ? ಟೀಚರಿಗೆ ಇಷ್ಟೂ ಮರ್ಯಾದೆ ಇಲ್ವಾ? ಆ ರಾತ್ರಿ ಅತ್ತುಬಿಟ್ಟೆ.

ಎರಡು ತಿಂಗಳ ನಂತರ ಒಂದು ಸಂಜೆ ಜೋರು ಮಳೆ. ಇಲ್ಲಿಯ ಎರೆ ಮಣ್ಣು ನೀವೂ ನೋಡಿರುತ್ತೀರಿ. ಮಳೆ ಬಿದ್ದರೆ ಚಪ್ಪಲಿಗೆ ಅಂಟಿ ಕಾಲು ಎತ್ತಲು ಬಿಡುವುದಿಲ್ಲ. ಬಸ್ಸು ಬರಲಿಲ್ಲ. ಕತ್ತಲಾಗುತ್ತಿತ್ತು. ಅದೇ ಅಜ್ಜ ಬಂದು ನನ್ನ ಪಕ್ಕ ಕೂತರು. ಮೊಮ್ಮಗನನ್ನು ಓಡಿಸಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ತರಿಸಿದರು. ನೀವು ಮನೆಗೆ ಹೋಗಿ ಅಜ್ಜ ಎಂದೆ. ‘ನೀ ಒಬ್ಬಾಕಿ ಇದ್ದಿ, ಬಸ್ ಬಂದ ಮ್ಯಾಲ ಹೋಗ್ತೀನಿ’ ಅಂದರು. ಒಂದೂವರೆ ಗಂಟೆ ಕೂತಿದ್ದರು. ಆಗಲೂ ‘ನೀ’ ಎಂದೇ ಮಾತು. ಆದರೆ ಅದು ನನ್ನ ಕಿವಿಗೆ ಬೇರೆಯಾಗಿ ಕೇಳಿಸಿತು.

ನಿಮ್ಮ ಕೌಂಟರಿಗೆ ಬರುವ ಅಜ್ಜಿಯರು ವೃದ್ಧಾಪ್ಯ ವೇತನಕ್ಕೆ ಪಗಾರ ಅನ್ನುತ್ತಾರೆ. ‘ನನ್ನ ಪಗಾರ ಬಂದದೇನ್ ನೋಡವ್ವ’ ಎಂದು ಕೇಳುತ್ತಾರೆ, ಹೌದಲ್ವಾ? ನಿಮಗೆ ‘ನೋಡು’ ಮಾತ್ರ ಕೇಳಿಸುತ್ತಿದೆ ಅನ್ನಿಸುತ್ತೆ. ಅದರ ಹಿಂದೆ ಇರುವ ‘ಅವ್ವ’ ಕೇಳಿಸಿಕೊಳ್ಳಿ. ಎಪ್ಪತ್ತು ದಾಟಿದ ಹೆಂಗಸು ನಿಮ್ಮನ್ನು ತಾಯಿ ಎಂದು ಕರೆಯುತ್ತಿದ್ದಾಳೆ. ನಿಮ್ಮ ತಾಯಿಯನ್ನು ನೀವೂ ‘ನೀನು’ ಎಂದೇ ಮಾತಾಡಿಸುತ್ತೀರಿ ಅಲ್ವಾ?

ಮಾತಿನ ಗೊಂದಲ ನನಗೂ ತುಂಬಾ ಆಯಿತು. ಒಮ್ಮೆ ಜ್ವರ ಬಂದು ‘ನನಗೆ ಹುಷಾರಿಲ್ಲ’ ಎಂದೆ. ‘ಹಂಗ್ಯಾಕ ಅಂತೀರಿ ಅಕ್ಕೋರೆ, ನೀವು ಭಾಳ ಹುಷಾರ್ ಇದ್ದೀರಿ’ ಎಂದು ಜೊತೆಯವರು ಸಮಾಧಾನ ಮಾಡಿದರು. ಇಲ್ಲಿ ಹುಷಾರ್ ಎಂದರೆ ಜಾಣೆ. ಮೈ ಸರಿಯಿಲ್ಲದಿದ್ದರೆ ‘ಆರಾಮ್ ಇಲ್ಲ’ ಅನ್ನಬೇಕು. ‘ಹಚ್ಚು’ ಒಂದನ್ನು ಕಲಿತರೆ ಅರ್ಧ ಭಾಷೆ ಬಂದ ಹಾಗೆ. ದೀಪ ಹಚ್ಚುತ್ತಾರೆ, ಫೋನ್ ಹಚ್ಚುತ್ತಾರೆ, ಮಗನನ್ನು ನೌಕರಿಗೆ ಹಚ್ಚುತ್ತಾರೆ. ‘ಇದೆ’ ಇಲ್ಲಿ ‘ಅದ’ ಆಗುತ್ತದೆ. ‘ಬರ್ತಾ ಇದ್ದೀನಿ’ ಎನ್ನಲು ‘ಬರ್ಲತ್ತೀನಿ’ ಎಂದರೆ ಮುಗಿಯಿತು. ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಾನು ಹಾಗೇ ಮಾಡಿದ್ದೆ. ಈಗ ಊರಿಗೆ ಹೋದರೆ ನಮ್ಮಮ್ಮ ನನ್ನ ಮಾತಿಗೆ ನಗುತ್ತಾರೆ. ಆ ನಗುವಿಗೆ ನನಗೆ ನೋವಾಗುವುದಿಲ್ಲ. ನಿಮ್ಮ ಜೊತೆಯವರ ನಗುವೂ ಬಹುಶಃ ಅಂಥದ್ದೇ. ಅಲ್ಲ ಅನ್ನಿಸಿದರೆ ಅವರನ್ನೇ ಕೇಳಿಬಿಡಿ.

ಕಂದಾಯ ಇಲಾಖೆಯ ನಿವೃತ್ತ ನೌಕರ, ಬ್ರಹ್ಮಪುರ, ಕಲಬುರಗಿ

ಮಗಳೇ, ನಮ್ಮೂರಿನವರ ನಗುವಿನಿಂದ ನಿಮಗೆ ನೋವಾಗಿದ್ದರೆ ಊರಿನ ಪರವಾಗಿ ಕ್ಷಮೆ ಕೇಳುತ್ತೇನೆ. ನಮ್ಮ ಮಾತಿಗೆ ದಕ್ಷಿಣದಲ್ಲಿ ಜನ ನಕ್ಕಿದ್ದನ್ನು ನಾವು ಅನುಭವಿಸಿದ್ದೇವೆ. ಅದೇ ನೋವನ್ನು ಇನ್ನೊಬ್ಬರಿಗೆ ಕೊಡಬಾರದು.

ಆಟೊದವರ ವಿಷಯ. ಅವರು ಆಡುವುದು ಹೆಚ್ಚಾಗಿ ದಖನಿ ಉರ್ದು. ನಿಮ್ಮನ್ನು ಹೊರಗಿನವರು ಅಂದುಕೊಂಡು ಅದರಲ್ಲಿ ಶುರು ಮಾಡುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ಅವರೂ ಕನ್ನಡಕ್ಕೆ ಬರುತ್ತಾರೆ, ನೋಡಿ. ಇದರ ಹಿಂದೆ ದೊಡ್ಡ ಕಥೆ ಇದೆ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಭಾಗ ನಿಜಾಮನ ಆಡಳಿತದಿಂದ ಬಿಡುಗಡೆಯಾಗಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿಯವರೆಗೆ ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲೇ. ನನ್ನ ತಂದೆ ಉರ್ದು ಶಾಲೆಯಲ್ಲಿ ಓದಿದವರು. ಮನೆಯಲ್ಲಿ ವಚನ ಹೇಳುತ್ತಿದ್ದರು, ಲೆಕ್ಕ ಉರ್ದುವಿನಲ್ಲಿ ಬರೆಯುತ್ತಿದ್ದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಹಾಗಾಗಿ ದವಾಖಾನಿ, ನಾಷ್ಟಾ, ಜಲ್ದಿ ಎಲ್ಲ ನಮ್ಮ ಮನೆಮಾತೇ ಆಗಿವೆ. ನೀವು ಬ್ಯಾಂಕಿನಲ್ಲಿ ದಿನಾ ಆಡುವ ಜಮಾ, ಬಾಕಿ, ವಸೂಲಿ, ಅರ್ಜಿ ಕೂಡ ಅರಬ್ಬಿ, ಫಾರಸಿಯಿಂದಲೇ ಬಂದವು. ಹಾಸನದವರೂ ಅವನ್ನು ಕನ್ನಡ ಎಂದೇ ಆಡುತ್ತಾರೆ.

ನಮ್ಮದು ಬೆರಕೆ ಕನ್ನಡ ಎಂದು ಯಾರಾದರೂ ಹೇಳಿದಾಗ ನಾನು ಮಳಖೇಡದ ಹೆಸರು ಹೇಳುತ್ತೇನೆ. ಇಲ್ಲಿಂದ ಸುಮಾರು 40 ಕಿಲೋಮೀಟರ್. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಹುಟ್ಟಿದ್ದು ಆ ಊರಿನ ರಾಷ್ಟ್ರಕೂಟ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ. ಒಂದು ಭಾನುವಾರ ಹೋಗಿಬನ್ನಿ. ಕಾಗಿಣಾ ನದಿ, ಹಳೆ ಕೋಟೆ ಎರಡೂ ಸಿಗುತ್ತವೆ.

ಹೊರಗಿನಿಂದ ಬಂದವರು ಈ ಊರಿಗೆ ಹೊಸಬರಲ್ಲ. ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಅವರು ದೆಹಲಿಯಿಂದ ಬಂದವರು. ತೈಮೂರನ ದಾಳಿಯ ಕಾಲದಲ್ಲಿ ಆ ಊರು ಬಿಟ್ಟು, ಸುಮಾರು 80ರ ವಯಸ್ಸಿನಲ್ಲಿ ಇಲ್ಲಿ ನೆಲೆಸಿದರು. 1422ರಲ್ಲಿ ಇಲ್ಲೇ ತೀರಿಕೊಂಡರು. ಇವತ್ತು ಅವರ ದರ್ಗಾ ಇಲ್ಲದ ಕಲಬುರಗಿ ಹೇಗಿರುತ್ತದೆ ಎಂದು ಊಹಿಸಲೂ ನನಗೆ ಆಗುವುದಿಲ್ಲ.

ಇನ್ನು ಆ ಎಲೆ. ಅದು ಬನ್ನಿ. ನಮ್ಮಲ್ಲಿ ಅದಕ್ಕೆ ಬಂಗಾರ ಅನ್ನುತ್ತೇವೆ. ಅವತ್ತು ಚಿಕ್ಕವರು ದೊಡ್ಡವರಿಗೆ ಕೊಟ್ಟು ಕಾಲು ಮುಟ್ಟುತ್ತಾರೆ. ಸಮವಯಸ್ಕರು ಅಪ್ಪಿಕೊಳ್ಳುತ್ತಾರೆ. ‘ಬಂಗಾರದಂಗ ಇರೋಣ’ ಅನ್ನುತ್ತಾರೆ. ವರ್ಷದಲ್ಲಿ ಜಗಳ ಆಗಿದ್ದರೂ ಅವತ್ತು ಹೋಗಿ ಬನ್ನಿ ಕೊಡಲೇಬೇಕು. ನೀವು ಸುಮ್ಮನೆ ನಿಂತಿದ್ದಕ್ಕೆ ಯಾರೂ ತಪ್ಪು ತಿಳಿದಿರುವುದಿಲ್ಲ. ಮುಂದಿನ ವರ್ಷ ನೀವೇ ನಾಲ್ಕು ಮನೆಗೆ ಹೋಗಿ ಕೊಟ್ಟುಬನ್ನಿ.

ಗೃಹಿಣಿ, ಶಹಾಬಾದ್

ಮೇನಲ್ಲಿ ಬಂದಿದ್ದೀರಿ, ಅದಕ್ಕೇ ಅರ್ಧ ಬೇಜಾರು. ಬಿಸಿಲು 40 ಡಿಗ್ರಿ ದಾಟಿದಾಗ ಯಾವ ಊರೂ ಚೆನ್ನಾಗಿ ಕಾಣಲ್ಲ. ಏಪ್ರಿಲ್, ಮೇನಲ್ಲಿ ಇಲ್ಲಿಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬ್ಯಾಂಕಿಗೆ ಆ ಅನುಕೂಲ ಇಲ್ಲ. ಮುಂದಿನ ಬೇಸಿಗೆಗೆ ಮೊದಲೇ ಒಂದು ಕೂಲರ್, ಒಂದು ಮಣ್ಣಿನ ಗಡಿಗೆ ಕೊಂಡುಕೊಳ್ಳಿ. ಮಾರ್ಕೆಟ್ಟಿನ ಕೆಲಸ ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸಿ. ಮನೆ ನೆಲ ನಮ್ಮ ಶಹಾಬಾದ್ ಕಲ್ಲಿನದಾಗಿದ್ದರೆ ಅದೇ ದೊಡ್ಡ ಪುಣ್ಯ. ಸಂಜೆ ನೀರು ಹೊಡೆದು ಒರೆಸಿದರೆ ತಂಪು.

ಮುದ್ದೆ ಬಿಟ್ಟು ಬಂದಿದ್ದೀರಿ ಅಂದುಕೊಂಡಿದ್ದೇನೆ. ಜೋಳದ ಹಿಟ್ಟಿನಲ್ಲೂ ಮುದ್ದೆ ಆಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮಾಡುತ್ತಾರೆ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ತಿಂದು ನೋಡಿ. ಖಾರ ಜಾಸ್ತಿ ಆದರೆ ರೊಟ್ಟಿ ಜೊತೆ ಮೊಸರು, ಹಸಿ ಈರುಳ್ಳಿ ಇರಲಿ. ಪುಂಡಿ ಪಲ್ಯ ತಿಂದಿದ್ದೀರಾ? ಇಲ್ಲ ಅಂದರೆ ಅದನ್ನು ತಿನ್ನುವವರೆಗೆ ವರ್ಗಾವಣೆಯ ಅರ್ಜಿ ಬರೆಯಬೇಡಿ.

ಉಡುಪಿ ಕಡೆಯ ಯುವಕ, ಸೇಡಂ

ನಾನು ಇಲ್ಲಿ ಸಿಮೆಂಟ್ ಕಾರ್ಖಾನೆಯಲ್ಲಿದ್ದೇನೆ. ಮೂರು ವರ್ಷ ಆಯಿತು. ಇಲ್ಲಿಯ ಜನ ನನಗೆ ಇಷ್ಟ. ಆದರೂ ಒಂದು ಮಾತು ಹೇಳಲೇಬೇಕು. ಎಲ್ಲವನ್ನೂ ಪ್ರೀತಿ ಎಂದು ನುಂಗಿಕೊಳ್ಳಬೇಡಿ.

ಬಾಡಿಗೆ ಮನೆ ಹುಡುಕುವಾಗ ಮನೆಮಾಲೀಕರ ಮೊದಲ ಪ್ರಶ್ನೆ ‘ನಿಮ್ಮದು ಯಾವ ಮಂದಿ?’ ಎಂಬುದೇ ಆಗಿತ್ತು. ಯಾವ ಜಾತಿ ಎಂದು ಅದರ ಅರ್ಥ. ಎರಡು ಮನೆ ಅದರಿಂದಲೇ ಕೈತಪ್ಪಿದವು. ಮೀನು ತಿನ್ನುತ್ತೇನೆ ಎಂದಿದ್ದಕ್ಕೆ ಮೂರನೆಯದೂ ಹೋಯಿತು. ಬೇರೆ ಊರುಗಳಲ್ಲೂ ಇದು ಇದೆ, ನಮ್ಮ ಕರಾವಳಿಯಲ್ಲೂ ಇದೆ. ಅಲ್ಲಿ ಸುತ್ತಿ ಬಳಸಿ ಕೇಳುತ್ತಾರೆ, ಇಲ್ಲಿ ನೇರವಾಗಿ ಕೇಳುತ್ತಾರೆ. ಎರಡೂ ನೋವೇ. ಮಗುವಿನ ಪ್ರಶ್ನೆಯೂ ಹಾಗೇ. ಅಕ್ಕರೆಯಿಂದ ಕೇಳಿರಬಹುದು. ಆದರೆ ಉತ್ತರ ಕೊಡುವ ಸಾಲ ನಿಮ್ಮ ಮೇಲಿಲ್ಲ.

ಇಲ್ಲಿ ನಾನು ಕಂಡುಕೊಂಡಿದ್ದು ಒಂದು. ಈ ಕಡೆಯವರು ನೇರವಾಗಿ ಕೇಳುತ್ತಾರೆ, ನೇರವಾಗಿ ಹೇಳಿದರೆ ತಗೊಳ್ಳುತ್ತಾರೆ ಕೂಡ. ನನ್ನ ಪಕ್ಕದ ಮನೆಯ ಕಾಕಾ ದಿನಾ ಮದುವೆ ವಿಷಯ ತೆಗೆಯುತ್ತಿದ್ದರು. ನಾನು ನಮ್ಮೂರಿನ ಹಾಗೆ ಮುಗುಳ್ನಕ್ಕು ಜಾರಿಕೊಳ್ಳುತ್ತಿದ್ದೆ. ಅವರಿಗೆ ಅದು ಅರ್ಥವೇ ಆಗಲಿಲ್ಲ. ಕೊನೆಗೆ ಒಂದು ದಿನ, ‘ಕಾಕಾ, ಇದು ಕೇಳಬ್ಯಾಡ್ರಿ, ನನಗ ತ್ರಾಸ ಆಗ್ತದ’ ಎಂದೆ. ‘ಹಿಂಗ ಮೊದಲೇ ಹೇಳಬೇಕಿಲ್ಲೇನು’ ಎಂದರು. ಆಮೇಲೆ ಕೇಳಿಲ್ಲ. ಸಂಜೆ ಚಹಾಕ್ಕೆ ಕರೆಯುವುದನ್ನೂ ಬಿಟ್ಟಿಲ್ಲ. ನೀವು ಒಳಗೊಳಗೇ ಇಟ್ಟುಕೊಂಡರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ. ನಿಮ್ಮ ಪಕ್ಕದ ಮನೆಯವರಿಗೂ ಇದನ್ನೇ ಮಾಡಿ ನೋಡಿ. ಒಬ್ಬರೇ ಇರಬೇಕು ಅನ್ನಿಸಿದಾಗ ಬಾಗಿಲು ಮುಚ್ಚಿ ಚಿಲಕ ಹಾಕಿ. ಇಲ್ಲಿ ತೆರೆದ ಬಾಗಿಲು ಎಂದರೆ ಬಾ ಎಂದೇ ಅರ್ಥ.

ಇಷ್ಟಾದರೂ ಮನಸ್ಸು ಒಗ್ಗದಿದ್ದರೆ ವರ್ಗಾವಣೆ ಕೇಳಿ. ಅದು ಸೋಲಲ್ಲ. ಗಂಡ ಹೆಂಡತಿ ದೂರ ಇರುವ ಕಷ್ಟ ಬೇರೆಯೇ. ಅದನ್ನು ಊರಿನ ತಲೆಗೆ ಕಟ್ಟಬೇಡಿ. ಸೋಲಾಪುರ–ಹಾಸನ ಎಕ್ಸ್‌ಪ್ರೆಸ್ ಕಲಬುರಗಿಯ ಮೇಲೇ ಹೋಗುತ್ತದೆ. ಮನೆ ನೆನಪು ಜಾಸ್ತಿ ಆದಾಗ ಒಮ್ಮೆ ಹತ್ತಿ ಹೋಗಿಬನ್ನಿ.

ಆಳಂದ ತಾಲ್ಲೂಕಿನವಳು, ಈಗ ಮೈಸೂರು

ನಿಮ್ಮ ಪತ್ರ ಓದಿ ನಾನು ತುಂಬಾ ಹೊತ್ತು ಸುಮ್ನೆ ಕೂತೆ. ನನ್ನದು ನಿಮ್ಮದರ ತದ್ವಿರುದ್ಧ ಕಥೆ. ಮದುವೆಯಾಗಿ ಮೈಸೂರಿಗೆ ಬಂದ ಮೊದಲ ಆರು ತಿಂಗಳು ನಮ್ಮ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕವರು ‘ಊಟ ಆಯ್ತಾ’ ಅನ್ನುತ್ತಿದ್ದರು. ನಾನು ನಿಂತು, ಏನು ಮಾಡಿದ್ದೆ, ಎಷ್ಟು ರೊಟ್ಟಿ ಬಡಿದೆ ಎಂದು ಹೇಳಲು ಶುರು ಮಾಡಿದರೆ ಅವರು ಮುಂದೆ ಹೋಗಿರುತ್ತಿದ್ದರು. ನನ್ನಲ್ಲಿ ಏನೋ ತಪ್ಪಿದೆ, ಅದಕ್ಕೇ ಯಾರೂ ಬರುತ್ತಿಲ್ಲ ಅಂದುಕೊಂಡಿದ್ದೆ.

ಮನೆ ಮಾಲೀಕರ ತಾಯಿ ಒಳ್ಳೆಯವರು. ಒಂದು ದಿನ ಅವರು ಒಬ್ಬರೇ ಕೂತಿದ್ದರು. ‘ಅಮ್ಮಾ, ನೀ ಯಾಕ ಒಬ್ಬಾಕೇ ಕುಂತಿ, ನಮ್ಮ ಮನಿಗಿ ಬಾ’ ಎಂದು ಕರೆದೆ. ಪ್ರೀತಿಯಿಂದಲೇ ಕರೆದದ್ದು. ಅವರ ಮುಖ ಸಪ್ಪಗಾಯಿತು. ಸಂಜೆ ಸೊಸೆ ಬಂದು, ‘ಅತ್ತೆಯನ್ನು ಏಕವಚನದಲ್ಲಿ ಕರೆದಿರಂತೆ’ ಎಂದು ಮೆಲ್ಲಗೆ ಹೇಳಿದರು. ನನಗೆ ನಾಚಿಕೆಯಾಗಿ ಕಣ್ಣಲ್ಲಿ ನೀರು ಬಂತು. ನಮ್ಮ ಮುತ್ಯಾನನ್ನು (ಅಜ್ಜನನ್ನು), ಅವ್ವನನ್ನು ಕರೆಯುವ ಮಾತು ಅದು. ಅದಕ್ಕಿಂತ ಹತ್ತಿರದ ಮಾತು ನನ್ನ ಹತ್ತಿರ ಇರಲಿಲ್ಲ. ಆಮೇಲೆ ಹೋಗಿ ಹಾಗೆಂದೇ ಹೇಳಿದೆ. ಅವರು ಕೈ ಹಿಡಿದುಕೊಂಡು ಕೂರಿಸಿ ಕಾಫಿ ಕೊಟ್ಟರು. ಈಗ ನಾನು ಅವರನ್ನು ‘ನೀವು’ ಅನ್ನುತ್ತೇನೆ. ನನಗೆ ಈಗಲೂ ಅದು ಸ್ವಲ್ಪ ದೂರದ ಮಾತು ಅನ್ನಿಸುತ್ತೆ. ಅವರಿಗೆ ಅದೇ ಹತ್ತಿರ.

ಎಳ್ಳ ಅಮಾವಾಸ್ಯೆ ಬರುತ್ತಿದೆ. ಅವತ್ತು ಕಲಬುರಗಿ ಪೇಟೆ ಖಾಲಿ ಖಾಲಿ. ಎಲ್ಲರೂ ಹೊಲದಲ್ಲಿರುತ್ತಾರೆ. ತೊಗರಿ, ಬಿಳಿಜೋಳ, ಕಡಲೆ ನಿಂತಿರುತ್ತವೆ. ಐದು ಕಲ್ಲಿಟ್ಟು ಪಾಂಡವರು ಎಂದು ಪೂಜೆ ಮಾಡುತ್ತಾರೆ. ಹೊಲದ ಸುತ್ತ ಚರಗ ಚೆಲ್ಲುತ್ತಾರೆ, ಅಂದರೆ ನೈವೇದ್ಯದ ಅಡುಗೆಯನ್ನು ಎರಚುತ್ತಾರೆ. ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ, ಹತ್ತಾರು ತರದ ಕಾಳು ಸೊಪ್ಪು ಹಾಕಿದ ಭಜ್ಜಿ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕೂರಿಸುತ್ತಾರೆ. ಹೊಲ ಇಲ್ಲದವರಿಗೆ ಯಾರದಾದರೂ ಹೊಲ ಇದ್ದೇ ಇರುತ್ತದೆ.

ನಿಮಗೆ ನಮ್ಮ ಹೊಲ ಇದೆ. ಅವ್ವನ ಹತ್ತಿರ ಮಾತಾಡಿದ್ದೇನೆ. ವಿಳಾಸವನ್ನು ಸಂಪಾದಕರಿಗೆ ಬೇರೆ ಚೀಟಿಯಲ್ಲಿ ಬರೆದು ಕಳಿಸಿದ್ದೇನೆ, ತಗೊಳ್ಳಿ. ನಾನು ಈ ಸಲ ಬರಲು ಆಗುವುದಿಲ್ಲ. ಹೋಗುವಾಗ ಒಂದು ದೊಡ್ಡ ಡಬ್ಬಿ ಒಯ್ಯಿರಿ, ಖಾಲಿ ಕೈಯಲ್ಲಿ ಅವಳು ಯಾರನ್ನೂ ಕಳಿಸುವುದಿಲ್ಲ. ನಿಮ್ಮನ್ನು ‘ನೀ’ ಎಂದೇ ಕರೆಯುತ್ತಾಳೆ. ಮೊದಲೇ ಹೇಳಿರುತ್ತೇನೆ.